ಸೂಕ್ತ ಸಮಯದಲ್ಲಿ ತಿಳಿಸಲಾಗುವುದು

ಶುಕ್ರವಾರ ರಾತ್ರಿ ಒಂಬತ್ತೂವರೆಗೆ ಮುಂಬೈ ಷೇರುಪೇಟೆಯ ಜಾಲತಾಣದಲ್ಲಿ ಪ್ರತ್ಯಕ್ಷವಾದ ಒಂದೂವರೆ ಪುಟದ ಸ್ವಾಧೀನ ಪ್ರಕಟಣೆಯೊಂದು ಸಂದರ್ಶನಕ್ಕೆ ಒಪ್ಪಿತು. ಷೇರಿನ ಮುಖಬೆಲೆ ಒಂದು ರೂಪಾಯಿ, ಪೇಟೆಯಲ್ಲಿ ಮೂರೂವರೆಯ ಆಸುಪಾಸು. ಕಂಪನಿಯ ಹೆಸರು ಬರೆಯಬಾರದೆಂಬ ಷರತ್ತಿತ್ತು. ಬರೆದರೂ ಏನು, ಇನ್ನೆರಡು ವರ್ಷಕ್ಕೆ ಬೇರೆ ಬೋರ್ಡು ಬಿದ್ದಿರುತ್ತದೆ.

ನಮಸ್ಕಾರ. ತಮ್ಮ ಕಂಪನಿ ಕೊಳ್ಳುತ್ತಿರುವುದು ಯಾರನ್ನು?

ವಿದೇಶದ ಹೆಸರಾಂತ ತಂತ್ರಜ್ಞಾನ ಸಂಸ್ಥೆಯೊಂದನ್ನು.

ಹೆಸರು?

ಗೋಪ್ಯತೆಯ ಕರಾರಿದೆ. ಸೂಕ್ತ ಸಮಯದಲ್ಲಿ ತಿಳಿಸಲಾಗುವುದು.

ಷೇರುಪೇಟೆ ನಿಯಂತ್ರಕ ಸೆಬಿಯ 2015ರ ನಿಯಮಾವಳಿಯ 30ನೇ ನಿಯಮ ಇದೆಯಲ್ಲ. ಯಾರನ್ನು ಕೊಳ್ಳುತ್ತೀರಿ, ಎಷ್ಟಕ್ಕೆ, ಎಷ್ಟು ಪಾಲು, ನಗದೋ ಷೇರು ವಿನಿಮಯವೋ, ಪ್ರವರ್ತಕರಿಗೂ ಅದಕ್ಕೂ ನಂಟಿದೆಯೋ, ಆ ಸಂಸ್ಥೆಯ ಮೂರು ವರ್ಷದ ವಹಿವಾಟು ಎಷ್ಟು, ಎಲ್ಲ ಹೇಳಬೇಕು.

ಅದು ಸ್ವಾಧೀನ ಮಾಡಿದಾಗ, ಇಲ್ಲವೆ ಕೊಳ್ಳಲು ಕರಾರು ಮಾಡಿಕೊಂಡಾಗ, ಸ್ವಾಮಿ. ನಾವು ಎರಡನ್ನೂ ಮಾಡಿಲ್ಲ. ‘ಸ್ವಾಧೀನದ ಸಾಧ್ಯತೆಗಳನ್ನು ಪರಿಶೀಲಿಸಲು ಬದ್ಧತೆಯಿಲ್ಲದ ತಿಳಿವಳಿಕೆ ಪತ್ರಕ್ಕೆ ತಾತ್ವಿಕ ಒಪ್ಪಿಗೆ’ ಕೊಟ್ಟಿದ್ದೇವೆ. ಇನ್ನೊಮ್ಮೆ ಓದಿ. ಇದರಲ್ಲಿ ಸುಳ್ಳು ಒಂದಕ್ಷರ ತೋರಿಸಿ ನೋಡೋಣ.

ಆದರೆ ಓದಿದವರು ಸೋಮವಾರ ಬೆಳಿಗ್ಗೆಯೇ ಕೊಳ್ಳಲು ಸಾಲು ನಿಲ್ಲುತ್ತಾರೆ.

ನಾನು ಬಿಟ್ಟ ಜಾಗಗಳನ್ನು ಅವರು ತುಂಬಿಕೊಳ್ಳುತ್ತಾರೆ. ನಾನು ‘ವಿದೇಶ’ ಅಂದರೆ ಅವರು ಅಮೆರಿಕ ಅಂತಾರೆ. ನಾನು ‘ಸಂಸ್ಥೆ’ ಅಂದರೆ ಟೆಲಿಗ್ರಾಂ ಗುಂಪಿನಲ್ಲಿ ಅದಕ್ಕೆ ಲೋಗೋನೂ ಬಂದಿರುತ್ತೆ. ನಮ್ಮದು ಶೇ 5ರ ಸರ್ಕ್ಯೂಟಿನ ಷೇರು, ದಿನಕ್ಕೆ ಅದಕ್ಕಿಂತ ಹೆಚ್ಚು ಏರುವಂತಿಲ್ಲ, ಇಳಿಯುವಂತಿಲ್ಲ. ಬೆಳಿಗ್ಗೆ ಬೀಗ ಬಿತ್ತು ಅಂದರೆ ಸಂಜೆತನಕ ಕೊಳ್ಳೋರೇ ಹೊರತು ಮಾರೋರಿಲ್ಲ. ಹೀಗೆ ಹದಿನೈದು ದಿನ ನಡೆದರೆ ಬೆಲೆ ದುಪ್ಪಟ್ಟು.

ಇಳಿಯುವಾಗ?

ಅದೇ ಬೀಗ, ತಿರುಗುಮುರುಗು. ಆಗ ಮಾರೋರೇ ಹೊರತು ಕೊಳ್ಳೋರಿಲ್ಲ.

(ಇಷ್ಟು ಹೇಳಿ ಪ್ರಕಟಣೆ ನೀರು ಕೇಳಿತು.)

ವದಂತಿಗೆ ನೀವು ಉತ್ತರಿಸಬೇಡವೆ?

ಮಾಧ್ಯಮದ ವದಂತಿಗೆ 24 ಗಂಟೆಯಲ್ಲಿ ಹೌದು, ಅಲ್ಲ ಅನ್ನಬೇಕಾದ್ದು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 250 ಕಂಪನಿಗಳು. ನಾವೆಲ್ಲಿ, ಅವರೆಲ್ಲಿ! ಷೇರುಪೇಟೆಯವರು ಬೆಲೆ ಯಾಕೆ ಏರಿತು ಅಂತ ಪತ್ರ ಬರೀತಾರೆ. ‘ಬಹಿರಂಗಪಡಿಸದ ಯಾವ ಮಾಹಿತಿಯೂ ನಮ್ಮಲ್ಲಿಲ್ಲ, ಏರಿಳಿತ ಪೂರ್ತಿ ಮಾರುಕಟ್ಟೆಯದ್ದು’ ಅಂತ ಉತ್ತರಿಸ್ತೇವೆ. ಅದನ್ನೂ ಶುಭಸುದ್ದಿ ಅಂತ ಹಂಚುವವರಿದ್ದಾರೆ.

ಸಾಧನಾ ಬ್ರಾಡ್‌ಕಾಸ್ಟ್ ಪ್ರಕರಣ ಗೊತ್ತಿರಬೇಕು. 2022ರ ಜುಲೈನಲ್ಲಿ ಆ ಸಣ್ಣ ಕಂಪನಿಯನ್ನು ಅದಾನಿ ಸಮೂಹ ಕೊಳ್ಳಲಿದೆ ಎಂದು ಯೂಟ್ಯೂಬ್‌ ವಿಡಿಯೊಗಳು ಬಂದವು. ಸಣ್ಣ ಹೂಡಿಕೆದಾರರು ಮುಗಿಬಿದ್ದು ಕೊಳ್ಳುತ್ತಿದ್ದಾಗ ಕೆಲವು ಪ್ರವರ್ತಕ ಷೇರುದಾರರೇ ಮಾರುತ್ತಿದ್ದರು ಎಂದು 2023ರ ಮಾರ್ಚ್‌ನ ಸೆಬಿ ಮಧ್ಯಂತರ ಆದೇಶ ಹೇಳಿತು.

ಅಂಥ ಒರಟು ಕೆಲಸ ನಮ್ಮದಲ್ಲ. ಅದಾನಿ ಅಂದರೆ ಅದಾನಿಯನ್ನೇ ಕೇಳಿಬಿಡಬಹುದು. ಹೆಸರೇ ಇಲ್ಲದವನನ್ನು ಹೋಗಿ ಕೇಳೋರು ಯಾರು?

ಕೊಳ್ಳಲು ಹಣ ಎಲ್ಲಿಂದ? ಬ್ಯಾಂಕಿನಲ್ಲಿ ಹನ್ನೊಂದು ಲಕ್ಷ ಇದೆ ಎನ್ನುತ್ತದೆ ನಿಮ್ಮ ಬ್ಯಾಲೆನ್ಸ್ ಶೀಟು.

ಹಣ ಯಾಕೆ? ನಾವು ಹೊಸ ಷೇರು ಮುದ್ರಿಸಿ ಕೊಡ್ತೇವೆ, ಅವರು ತಮ್ಮ ಷೇರು ಕೊಡ್ತಾರೆ. ಜೊತೆಗೆ ನಮ್ಮವರಿಗೆ ವಾರಂಟು, ಅಂದರೆ ಈಗಲೇ ನಿಗದಿಯಾದ ಬೆಲೆಗೆ ಮುಂದೆ ಷೇರು ಪಡೆಯುವ ಹಕ್ಕು: ಇವತ್ತು ಕಾಲು ಭಾಗ ಕಟ್ಟಿ, ಉಳಿದದ್ದಕ್ಕೆ 18 ತಿಂಗಳು. ಅಷ್ಟರಲ್ಲಿ ಬೆಲೆ ಏರಿದರೆ ಷೇರು ತಗೋತಾರೆ, ಏರದಿದ್ದರೆ ಕಾಲು ಭಾಗ ಹೋಯಿತು. ಏರಿಸೋಕೆ ನಾನಿದ್ದೇನಲ್ಲ.

ಕಂಪನಿಯ ಅಸಲು ಕಸುಬು?

ಹುಟ್ಟಿದ್ದು ನೂಲಿನ ಗಿರಣಿಯಾಗಿ. ಆಮೇಲೆ ಗ್ರಾನೈಟು, ಈಗ ಕೃತಕ ಬುದ್ಧಿಮತ್ತೆ. 2000ದ ಹೊತ್ತಿಗೆ ಹೆಸರಿನ ಕೊನೆಗೆ ‘ಇನ್ಫೊಟೆಕ್’ ಅಂಟಿಸಿದರೆ ಸಾಕಿತ್ತು. ಈಗ ಹೊಸ ಹೆಸರಿಗೆ ಒಪ್ಪುವ ವ್ಯವಹಾರದಿಂದ ವರ್ಷದ ಆದಾಯದ ಅರ್ಧವಾದರೂ ಬಂದಿರಬೇಕು, ಇಲ್ಲವೆ ಆಸ್ತಿಯ ಅರ್ಧದಷ್ಟಾದರೂ ಅದರಲ್ಲಿ ಹೂಡಿರಬೇಕಂತೆ. ಸಂಪ್ರದಾಯ ಹಾಳಾಯಿತು.

ನಿಮ್ಮನ್ನು ತೂಗಿ ನೋಡುವವನು ಏನು ಮಾಡಬೇಕು?

(ದನಿ ತಗ್ಗಿಸಿ) ನನ್ನನ್ನು ಓದಬಾರದು. ನನ್ನ ಅಣ್ಣಂದಿರನ್ನು ಓದಬೇಕು. ಹೋದ ವರ್ಷದ ದುಬೈ ಒಪ್ಪಂದ, ಅದರ ಹಿಂದಿನ ವರ್ಷದ ಸೋಲಾರ್ ಯೋಜನೆ. ಅವುಗಳ ಮುಂದಿನ ಪತ್ರ ಬಂದಿದೆಯಾ ನೋಡಲಿ. ಮೂರು ತಿಂಗಳಿಗೊಮ್ಮೆ ಷೇರುದಾರರ ಪಟ್ಟಿ ಬರುತ್ತೆ. ಪ್ರವರ್ತಕರ ಪಾಲು ಕರಗಿ, ಮುಖಬೆಲೆಯ ಲೆಕ್ಕದಲ್ಲಿ ಎರಡು ಲಕ್ಷ ರೂಪಾಯಿವರೆಗಿನ ಚಿಲ್ಲರೆ ಷೇರುದಾರರ ಸಂಖ್ಯೆ ಉಬ್ಬಿದ್ದರೆ ಯಾರು ಯಾರಿಗೆ ಮಾರಿದರು ಅಂತ ನಾನು ಬೇರೆ ಹೇಳಬೇಕಾ? ಲಾಭ ಇದ್ದೂ ನಗದು ಬಾರದೆ, ಬರಬೇಕಾದ ಬಾಕಿ ಮಾತ್ರ ಬೆಳೆಯುತ್ತಿದೆಯಾ ಅದನ್ನೂ ನೋಡಲಿ. ಇದನ್ನೆಲ್ಲ ಬರೀಬೇಡಿ.

ಬರೆದಾಯಿತು. ಒಪ್ಪಂದ ಮುರಿದರೆ?

‘ಷೇರುದಾರರ ಹಿತದೃಷ್ಟಿಯಿಂದ ಕೈಬಿಡಲಾಗಿದೆ.’ ನಾಲ್ಕು ಸಾಲು. ದೀಪಾವಳಿ ರಜೆಯ ಹಿಂದಿನ ಸಂಜೆ.

ಕೊನೆಯದಾಗಿ, ನಿಮ್ಮ ಕೆಳಗಿರುವ ಸಹಿ ಯಾರದು?

ಕಂಪನಿ ಸೆಕ್ರೆಟರಿಯದ್ದು.

ಅವರೊಡನೆ ಮಾತಾಡಬಹುದೆ?

ರಾಜೀನಾಮೆ ಕೊಟ್ಟಿದ್ದಾರೆ, ವೈಯಕ್ತಿಕ ಕಾರಣಕ್ಕೆ. ಅದು ಒಂಬತ್ತೂಮುಕ್ಕಾಲಿಗೆ ಬಂದ ಬೇರೆ ಪ್ರಕಟಣೆ.