ಶಟಲ್ ವ್ಯಾಕರಣ ಪ್ರವೇಶಿಕೆ

ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ಕನ್ನಡಕ್ಕೆ ವ್ಯಾಕರಣ ಬರೆದ. ಅದು ಸಾಲದೆನಿಸಿ 1604ರಲ್ಲಿ ಭಟ್ಟಾಕಳಂಕ 592 ಸೂತ್ರಗಳನ್ನು ಸಂಸ್ಕೃತದಲ್ಲಿ ರಚಿಸಿದ. ಓದುವವರಿಗೆ ಅರ್ಥವಾಗಲಿಕ್ಕಿಲ್ಲ ಎಂದು ವ್ಯಾಖ್ಯಾನವನ್ನೂ ತಾನೇ ಬರೆದಿಟ್ಟ. 1915ರಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿ ಮುಂದೆ ಚಾಮರಾಜಪೇಟೆಯಲ್ಲಿ ನೆಲೆಯೂರಿತು. ಇಷ್ಟೆಲ್ಲ ಆದರೂ ಅದೇ ಚಾಮರಾಜಪೇಟೆಯಲ್ಲಿ, ಅತ್ತ ಬಸವನಗುಡಿಯಲ್ಲಿ, ಇತ್ತ ಮಲ್ಲೇಶ್ವರದಲ್ಲಿ ಬೆಳಗಾದರೆ ಮಂಕಿ ಕ್ಯಾಪ್ ಕಳಚಿ ನೀ ಕ್ಯಾಪ್ ಏರಿಸಿಕೊಂಡು ಕೋರ್ಟಿಗಿಳಿಯುವ ಮಹನೀಯರ ಡಬಲ್ಸ್ ಶಟಲಿಗೆ ಮಾತ್ರ ಇವತ್ತಿಗೂ ಒಂದು ವ್ಯಾಕರಣವಿಲ್ಲ. ವಿದ್ವಾಂಸರ ಈ ಉದಾಸೀನವನ್ನು ಸಹಿಸಲಾರದೆ ಪ್ರಸ್ತುತ ಗ್ರಂಥಕರ್ತನು, ತನ್ನ ಸರದಿ ಬರುವವರೆಗೆ ಬೆಂಚಿನ ಮೇಲೆ ಕೂತಿರುವ ಅವಧಿಯಲ್ಲಿ, ಈ ಪ್ರವೇಶಿಕೆಯನ್ನು ರಚಿಸಿದ್ದಾನೆ. ಅವಧಿ ದೀರ್ಘವಾದದ್ದರಿಂದ ಗ್ರಂಥವೂ ತುಸು ದೀರ್ಘವಾಗಿದೆ.

ಮೊದಲು ಪೂರ್ವಪಕ್ಷ. ಶಟಲಿಗೆ ನಿಯಮಾವಳಿ ಇದೆಯಲ್ಲ, ಮತ್ತೆ ವ್ಯಾಕರಣವೇಕೆ ಎಂದು ಕೇಳಬಹುದು. ಇದೆ, ಒಪ್ಪಿದೆ. ಕೋರ್ಟು 13.40 ಮೀಟರ್ ಉದ್ದ, 6.10 ಮೀಟರ್ ಅಗಲ. ಗೆರೆಯ ದಪ್ಪ 4 ಸೆಂಟಿಮೀಟರ್. ಗರಿ ಕಾಕ್‌ಗೆ ಗರಿಗಳು 16, ತೂಕ 4.74ರಿಂದ 5.50 ಗ್ರಾಮಿನೊಳಗೆ. ಗ್ರಾಮಿನ ನೂರನೇ ಭಾಗವನ್ನೂ ಬಿಡದ ಆ ಶಾಸ್ತ್ರಕಾರರು ಒಂದು ದೊಡ್ಡ ಭ್ರಮೆಯಲ್ಲಿದ್ದರು: ಪಕ್ಕದಲ್ಲಿ ಎತ್ತರದ ಕುರ್ಚಿ ಇದೆ, ಅದರ ಮೇಲೆ ಅಂಪೈರ್ ಇದ್ದಾನೆ ಎಂದುಕೊಂಡಿದ್ದರು. ನಮ್ಮ ಕೋರ್ಟಿನಲ್ಲಿರುವುದು ಆಡುವ ನಾಲ್ವರು, ಕಾಯುವ ನಾಲ್ವರು, ಹೊರಗಿನ ಚಪ್ಪಲಿ ಒಳಗೆ ತರಬೇಡಿ ಎನ್ನುವ ವಾಚ್‌ಮನ್ ಒಬ್ಬ. ಆದ್ದರಿಂದ ಸಿದ್ಧಾಂತವೇನೆಂದರೆ, ಅಂಪೈರ್ ಇಲ್ಲದ ಕಡೆ ಪಾಯಿಂಟ್ ನಿರ್ಧಾರವಾಗುವುದು ಬಾಯಿಯಿಂದ. ರ‍್ಯಾಕೆಟ್ಟು ನಿಮಿತ್ತ ಮಾತ್ರ. ವೈಯಾಕರಣರಿಗೆ ಪ್ರಯೋಗವೇ ಶರಣು ಎಂಬ ಹಳೆಯ ಮಾತಿನಂತೆ ನಾವೂ ಪ್ರಯೋಗವನ್ನೇ ಹಿಡಿದು ಹೊರಡೋಣ.

ಸಂಧಿ ಪ್ರಕರಣ

ಸೂತ್ರ: ಇಬ್ಬರ ನಡುವೆ ಕಾಕ್ ಬಂದಲ್ಲಿ ಸಂಧಿ.

ವೃತ್ತಿ: ಕಾಲವಿಳಂಬವಿಲ್ಲದೆ ಎರಡು ವರ್ಣಗಳು ಸೇರಿದರೆ ಸಂಧಿ ಎಂದು ಹೈಸ್ಕೂಲಿನಲ್ಲಿ ಎಲ್ಲರೂ ಉರು ಹೊಡೆದಿದ್ದೇವೆ. ಇಲ್ಲಿ ಎರಡು ವರ್ಣಗಳ ಬದಲು ಇಬ್ಬರು ಪಾರ್ಟ್ನರುಗಳು. ಎದುರಾಳಿ ಜಾಣನಾದರೆ ಕಾಕನ್ನು ಸರಿಯಾಗಿ ನಡುಮಧ್ಯಕ್ಕೆ ಕಳಿಸುತ್ತಾನೆ. ಜಾಣನಲ್ಲದಿದ್ದರೂ ಅದು ಅಲ್ಲಿಗೇ ಬರುತ್ತದೆ.

ಊರು ಊರು ಸೇರಿ ಊರೂರು ಆಗುವಾಗ ಒಂದು ಸ್ವರ ಬಿಟ್ಟುಹೋದಂತೆ, ಇಬ್ಬರೂ ಬಿಟ್ಟು ಪಾಯಿಂಟೇ ಹೋಗುವುದು ಲೋಪಸಂಧಿ. "ನಿಮ್ದು ಸಾರ್" ಎಂದು ಇವರು, "ನಿಮ್ದೇ ಅಂದ್ಕೊಂಡೆ" ಎಂದು ಅವರು. ಕಾಕ್ ಇಬ್ಬರ ಬೂಟುಗಳ ನಡುವೆ ಮಲಗಿರುತ್ತದೆ, ಇಬ್ಬರೂ ಅದನ್ನು ಬಗ್ಗಿ ನೋಡುತ್ತಿರುತ್ತಾರೆ. ದಾಕ್ಷಿಣ್ಯ ಹೆಚ್ಚಿರುವ ಬಡಾವಣೆಗಳಲ್ಲಿ ಈ ಸಂಧಿ ವಿಶೇಷ. ಬಸವನಗುಡಿಯಲ್ಲಿ ಒಮ್ಮೆ ಲೋಪವಾದ ಮೇಲೆ ಇಬ್ಬರೂ ಎಷ್ಟು ಹೊತ್ತು ಪರಸ್ಪರ ಕ್ಷಮೆ ಕೇಳಿಕೊಂಡರೆಂದರೆ, ಎದುರಿನವರು ಅಷ್ಟರಲ್ಲಿ ಸರ್ವಿಸ್ ಮಾಡಿ ಇನ್ನೊಂದು ಪಾಯಿಂಟನ್ನೂ ತೆಗೆದರು.

ಮನೆಯನ್ನು ಎಂಬಲ್ಲಿ ಮನೆಯೂ ತಾರದ, ಅನ್ನು ಎಂಬುದೂ ತಾರದ ಯಕಾರ ನಡುವೆ ಬಂದು ಕೂರುವುದು ಆಗಮ. ಅಂತೆಯೇ ಇಬ್ಬರೂ ನುಗ್ಗಿದಾಗ ಇಬ್ಬರ ಬಳಿಯೂ ಮೊದಲು ಇಲ್ಲದ ಒಂದು ಹೊಸ ವಸ್ತು ಉದ್ಭವಿಸುತ್ತದೆ: ರ‍್ಯಾಕೆಟ್ಟಿನ ಫ್ರೇಮಿನ ಮೇಲೆ ಕೂದಲೆಳೆಯಷ್ಟು ಬಿರುಕು. ಅದು ಯಾರ ಖಾತೆಗೆ ಎಂಬುದನ್ನು ವ್ಯಾಕರಣ ಹೇಳುವುದಿಲ್ಲ.

ಇನ್ನು ಆದೇಶ. ಮಳೆಗಾಲದಲ್ಲಿ ಕಕಾರದ ಜಾಗಕ್ಕೆ ಗಕಾರ ಬಂದಂತೆ, ಪಾರ್ಟ್ನರಿನ ಜಾಗಕ್ಕೆ ಬಂದು ನಿಲ್ಲುವ ಮಹಾಪುರುಷ ಇವನು. ಹೆಸರಿಗೆ ಡಬಲ್ಸ್, ಆಡುವುದು ಸಿಂಗಲ್ಸ್, ಕೋರ್ಟು ಮಾತ್ರ ಡಬಲ್ಸಿನದು. ನೆಟ್ಟಿನ ಹತ್ತಿರ ಬಂದದ್ದೂ "ನಂದು", ಹಿಂದಿನ ಗೆರೆಗೆ ಹೋದದ್ದೂ "ನಂದು", ನಿಮ್ಮ ರ‍್ಯಾಕೆಟ್ ಎತ್ತಿದ ಕೈಗೆ ನೇರವಾಗಿ ಬಂದದ್ದೂ "ಬಿಡಿ ಬಿಡಿ, ನಂದು". ಹೊಡೆದದ್ದು ನೆಟ್ಟಿಗೆ ಹೋದರೆ ಅದು ಮಾತ್ರ ಅವನದಲ್ಲ. ಆಗ ಅವನು ಕಾಕನ್ನೂ ನೋಡುವುದಿಲ್ಲ, ನೆಟ್ಟನ್ನೂ ನೋಡುವುದಿಲ್ಲ. ನಿಧಾನವಾಗಿ ತಿರುಗಿ ನಿಮ್ಮ ಪಾದಗಳನ್ನು ನೋಡುತ್ತಾನೆ. "ಸಾರ್, ನೀವು ಸ್ವಲ್ಪ ಹಿಂದೆ ಕವರ್ ಮಾಡ್ಬೇಕಿತ್ತು." ಇಲ್ಲಿ ಆದೇಶವೆಂಬುದು ಕೇವಲ ವ್ಯಾಕರಣದ ಅರ್ಥದಲ್ಲಿ ಉಳಿದಿಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಇವನ ಜತೆ ಇಡೀ ಗೇಮ್ ಆಡಿ ಮೈ ಬೆವರದೆ ಹೊರಬಂದವರಿದ್ದಾರೆ.

ಅಬ್ಬಾ, ಅಯ್ಯೋ ಮುಂತಾದ ಉದ್ಗಾರಗಳ ಮುಂದೆ ಸಂಧಿಯಾಗದೆ ಪದಗಳು ಇದ್ದ ಹಾಗೇ ಉಳಿದರೆ ಪ್ರಕೃತಿಭಾವ. ಕೋರ್ಟಿನಲ್ಲೂ ಪಾರ್ಟ್ನರ್ ಒಮ್ಮೆ ಗಟ್ಟಿಯಾಗಿ "ಅಯ್ಯೋ!" ಅಂದನೆಂದರೆ ಮುಗಿಯಿತು. ಆಮೇಲೆ ಆ ಗೇಮಿನಲ್ಲಿ ಆ ಇಬ್ಬರ ನಡುವೆ ಯಾವ ಸಂಧಿಯೂ ಆಗುವುದಿಲ್ಲ.

ವಿಭಕ್ತಿ

ಇದು ಚಿಕ್ಕ ಪ್ರಕರಣ, ಆದರೆ ದುಡ್ಡಿನದು. ಗರಿ ಕಾಕ್‌ನ ಡಬ್ಬದ ಬೆಲೆ ಏರಿದ ಮೇಲೆ ಚತುರ್ಥಿ ವಿಭಕ್ತಿಯ ಬಳಕೆ ನಮ್ಮ ಕೋರ್ಟುಗಳಲ್ಲಿ ತೀರ ಕಡಿಮೆಯಾಗಿದೆ. ಚತುರ್ಥಿ ಎಂದರೆ ಸಂಪ್ರದಾನ, ಅಂದರೆ ಕೊಡುವುದು. ಬಳಕೆಯಲ್ಲಿರುವುದು ಪಂಚಮಿ: ಅವರ ದೆಸೆಯಿಂದ ಇವತ್ತು ಆಟ. ಕೊಡದವನ ಲಕ್ಷಣವೆಂದರೆ, ಎಂಥ ಹರಿದ ಕಾಕನ್ನೂ ಕೈಗೆತ್ತಿಕೊಂಡು, ಗರಿಗಳನ್ನು ಎರಡು ಬೆರಳಲ್ಲಿ ಪ್ರೀತಿಯಿಂದ ನೇವರಿಸಿ, "ಇನ್ನೂ ಎರಡು ಗೇಮ್ ಬರುತ್ತೆ ಬಿಡಿ ಸಾರ್" ಎನ್ನುವನು. ಹದಿನಾರರಲ್ಲಿ ಐದು ಉದುರಿ ಕಾಕ್ ಆಕಾಶದಲ್ಲಿ ಒಲೆದಾಡುತ್ತಾ ಬಂದರೆ ಅದನ್ನು ತನ್ನ ಸ್ಪಿನ್ನೆಂದು ಹೇಳಿಕೊಳ್ಳುವನು. ಇವನಲ್ಲಿ ಕಾಕ್ ಇಲ್ಲವೆಂದಲ್ಲ. ಇದೆ, ಸಪ್ತಮಿಯಲ್ಲಿದೆ. ಬ್ಯಾಗಿನಲ್ಲಿ, ಟವೆಲಿನ ಅಡಿಯಲ್ಲಿ, ಸೀಲ್ ಒಡೆಯದ ಡಬ್ಬದಲ್ಲಿ.

ಔಟ್ ವಿಧಿ

ಗ್ರಂಥದ ಹೃದಯ ಇದು. 2023ರಲ್ಲಿ ಸಾತ್ವಿಕ್‌ಸಾಯಿರಾಜ್ ಜಪಾನಿನಲ್ಲಿ ಹೊಡೆದ ಒಂದು ಸ್ಮ್ಯಾಶ್ ಗಂಟೆಗೆ 565 ಕಿಲೋಮೀಟರ್ ವೇಗದಲ್ಲಿ ಹೋಯಿತೆಂದು ಗಿನ್ನೆಸ್ ದಾಖಲೆಯಿದೆ. ಗಿನ್ನೆಸ್‌ನವರು ಮಲ್ಲೇಶ್ವರಕ್ಕೆ ಬಂದಿಲ್ಲ. ಇಲ್ಲಿ "ಔಟು!" ಎಂಬ ಶಬ್ದವು ಕಾಕ್ ಇನ್ನೂ ನೆಟ್ಟಿನ ಮೇಲಿರುವಾಗಲೇ ಗೆರೆಯನ್ನು ತಲುಪಿ, ಅಲ್ಲಿ ಕಾಕಿಗಾಗಿ ಕಾಯುತ್ತಿರುತ್ತದೆ.

ಗೆರೆಯನ್ನು ಮುಟ್ಟಿದರೆ ಒಳಗೆ ಎಂಬುದು ನಿಯಮ. ಆ ನಾಲ್ಕು ಸೆಂಟಿಮೀಟರಿನಲ್ಲೇ ನಮ್ಮ ಕುರುಕ್ಷೇತ್ರ. ಔಟ್ ಕೂಗುವವನ ಎರಡನೆಯ ಲಕ್ಷಣ ಸಾಕ್ಷ್ಯನಾಶ. ಕಾಕ್ ಬಿದ್ದ ಮರುಕ್ಷಣ ಅದನ್ನು ರ‍್ಯಾಕೆಟ್ಟಿನ ತುದಿಯಿಂದ ಚಕ್ಕನೆ ಎಬ್ಬಿಸಿ ಕೈಗೆ ತೆಗೆದುಕೊಂಡುಬಿಡುತ್ತಾನೆ. ಹಸಿರು ಮ್ಯಾಟ್ ಮಣ್ಣಿನ ನೆಲದಂತೆ ಗುರುತು ಇಟ್ಟುಕೊಳ್ಳುವುದಿಲ್ಲ. ಉಳಿಯುವುದು ಅವನ ಮಾತೊಂದೇ.

ಪ್ರಯೋಗ: ಮನೆ ಮಲ್ಲೇಶ್ವರ, ಜವಳಿ ಅಂಗಡಿ ಚಿಕ್ಕಪೇಟೆ, ಹೀಗಿರುವ ಒಬ್ಬ ಸೀರೆ ವ್ಯಾಪಾರಿಗಳ ಬಾಯಿಂದ ಕಿವಿಯಾರೆ ಕೇಳಿ ಬರೆದುಕೊಂಡದ್ದು. ಸ್ಕೋರು 19–19.

"ಔಟು!"

"ಸ್ವಾಮೀ, ಗೆರೆ ಮೇಲೆ ಬಿತ್ತು."

"ಗೆರೆ ಆಚೆ ಸಾರ್. ಇಷ್ಟು ಆಚೆ." ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಅಳತೆ, ಬ್ಲೌಸ್ ಪೀಸಿನ ಅಂಚಿಗೆ ಸಾಕಾಗುವಷ್ಟು.

"ಇಡೀ ಬಾಟಮ್ ಕಾಣಿಸ್ತು ನನಗೆ, ಬಿಳಿ ಮೇಲಿತ್ತು."

"ನೋಡಿ, ನಿಮ್ಮ ಮಾತೂ ಬೇಡ, ನನ್ನ ಮಾತೂ ಬೇಡ. ಇದೊಂದು ನಮಗೆ ಬಿಡಿ. ಮುಂದೆ ಡೌಟು ಬಂದ್ರೆ ಕಣ್ಮುಚ್ಚಿ ನಿಮಗೆ."

"ಅದು ಹೇಗಾಗುತ್ತೆ?"

"ಆಯ್ತು ಬಿಡಿ, ನೀವು ಹಳಬರು, ನಿಮ್ಹತ್ರ ಏನು ವಾದ. ರೀಪ್ಲೇ ಆಡೋಣ."

ವೃತ್ತಿ: ನ್ಯಾಯವಾಗಿ ಸಲ್ಲಬೇಕಾದದ್ದು ಸೊನ್ನೆ. ಕೇಳಿದ್ದು ಪೂರ್ತಿ. ಪಡೆದದ್ದು ಅರ್ಧ, ಅದೂ ತಾನೇ ಬಿಟ್ಟುಕೊಟ್ಟಂತೆ ಮುಖಮಾಡಿ. ಎದುರಿನವರು ಉಪಕಾರವಾಯಿತೆಂಬ ಭಾವದಲ್ಲಿ ರೀಪ್ಲೇ ಆಡಿದರು, ಸೋತರು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಇಂಥದ್ದಕ್ಕೆ ಕ್ಯಾಮೆರಾ ಇಟ್ಟಿದ್ದಾರಂತೆ. ಇಟ್ಟರೂ ನಮ್ಮವರು ಕ್ಯಾಮೆರಾದ ಜತೆ ಚೌಕಾಸಿ ಮಾಡಿಯಾರು.

ಸರ್ವಿಸ್ ವಿಷಯದಲ್ಲೂ ಜಗಳವಿದೆ, ಆದರೆ ಅದು ಅಂಗರಚನಾಶಾಸ್ತ್ರಕ್ಕೆ ಸೇರಿದ್ದು. 2018ರವರೆಗೆ ಸೊಂಟಕ್ಕಿಂತ ಕೆಳಗೆ ಕಾಕನ್ನು ಹೊಡೆಯಬೇಕೆಂದಿತ್ತು; ಸೊಂಟವೆಂದರೆ ಕೊನೆಯ ಪಕ್ಕೆಲುಬಿನ ಕೆಳಮಟ್ಟ ಎಂದು ವಿವರಣೆ. ಬೆಣ್ಣೆ ಮಸಾಲೆಯ ಊರಿನಲ್ಲಿ ಐವತ್ತು ದಾಟಿದವರ ಕೊನೆಯ ಪಕ್ಕೆಲುಬು ಎಲ್ಲಿದೆಯೆಂದು ಎಕ್ಸ್‌ರೇ ಇಲ್ಲದೆ ಹೇಳಲಾಗದು. ಇದು ಒಕ್ಕೂಟಕ್ಕೂ ತಿಳಿಯಿತೋ ಏನೋ, ನೆಲದಿಂದ 1.15 ಮೀಟರ್ ಎಂದು ಬದಲಾಯಿಸಿದರು. ಎದೆಯ ಮಟ್ಟದಿಂದ ಸರ್ವಿಸ್ ಮಾಡುವ ಮಹನೀಯರು ಇದರಿಂದ ವಿಚಲಿತರಾಗಿಲ್ಲ. "ಮೀಟರ್ ತಂದು ಅಳೀರಿ" ಎನ್ನುತ್ತಾರೆ.

ಕಾಲ ಪ್ರಕರಣ

ಭೂತಕಾಲದ ಆಟಗಾರನನ್ನು ಗುರುತಿಸುವುದು ಸುಲಭ. ಅವನು ವರ್ತಮಾನದಲ್ಲಿ ಹೊಡೆಯುವುದೇ ಇಲ್ಲ, ಹೊಡೆಯುತ್ತಿದ್ದ. ಮಲ್ಲೇಶ್ವರದಲ್ಲಿ ಈ ಜಾತಿ ಹುಲುಸಾಗಿ ಬೆಳೆದಿರುವುದಕ್ಕೆ ಚಾರಿತ್ರಿಕ ಕಾರಣವಿದೆ. ಪ್ರಕಾಶ್ ಪಡುಕೋಣೆ ಹುಡುಗರಾಗಿದ್ದಾಗ ಆಡಿದ್ದು ಇಲ್ಲಿನ ಕೆನರಾ ಯೂನಿಯನ್ ಹಾಲಿನಲ್ಲಿ. ಅದು ಮದುವೆಗೂ ಬಾಡಿಗೆಗೆ ಹೋಗುತ್ತಿದ್ದ ಹಾಲು. ಒಳಗೆ ಲಗ್ನವಿದ್ದರೆ ಆಟವಿಲ್ಲ, ಹುಡುಗರು ಕಾಯಬೇಕು. ಹಾಗೆ ಕಾದು ಆಡಿದವರು 1980ರಲ್ಲಿ ಲಂಡನ್ನಿಗೆ ಹೋಗಿ ಲಿಮ್ ಸ್ವೀ ಕಿಂಗ್ ಅವರನ್ನು 15–3, 15–10ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದುಬಂದರು. ಗೆದ್ದದ್ದು ಒಬ್ಬರು. ಆದರೆ "ಆಗ ಕೆನರಾ ಯೂನಿಯನ್‌ನಲ್ಲಿ ಪ್ರಕಾಶ್ ಜತೆ ಆಡ್ತಿದ್ವಿ" ಎನ್ನುವವರನ್ನೆಲ್ಲ ಒಂದೆಡೆ ಸೇರಿಸಿದರೆ ಆ ಹಾಲಿನಲ್ಲಿ ಊಟದ ಎಲೆ ಹಾಕಲೂ ಜಾಗ ಸಾಲದು. ಮೂರು ಪಂಕ್ತಿಯಾದರೂ ಬೇಕು.

ಈತನ ಸ್ಕೋರೂ ಭೂತಕಾಲದ್ದೇ. 2006ರಿಂದ ಪ್ರತಿ ರ‍್ಯಾಲಿಗೂ ಪಾಯಿಂಟ್, 21ಕ್ಕೆ ಗೇಮ್. ಈತ ಇನ್ನೂ ಹದಿನೈದರಲ್ಲಿದ್ದಾನೆ. ರ‍್ಯಾಲಿ ಸೋತಾಗ ಮಾತ್ರ "ಸರ್ವಿಸ್ ನಿಮ್ದಿರಲಿಲ್ಲ, ಬರೀ ಚೇಂಜ್" ಎಂದು ಹಳೆಯ ಶಾಸ್ತ್ರ ಎತ್ತುತ್ತಾನೆ. ಗೆದ್ದಾಗ ಹೊಸ ಶಾಸ್ತ್ರ. ಎರಡು ಸಂಪ್ರದಾಯಗಳಲ್ಲೂ ಪಾರಂಗತನಾದ ಇಂಥ ಪಂಡಿತ ಬೇರೆ ವಿದ್ವತ್ ಕ್ಷೇತ್ರಗಳಲ್ಲಿ ಅಪರೂಪ.

ಸಮಾಸವನ್ನು ಸಂಗ್ರಹವಾಗಿ ಹೇಳಿ ಮುಗಿಸುವೆ. ಗಟ್ಟಿಗನೊಬ್ಬ, ಅವನ ಹಿಂದೆ ಎಳೆದುಕೊಂಡು ಬರುವವನೊಬ್ಬ, ತತ್ಪುರುಷ. ಇಬ್ಬರೂ ಸಮಬಲ, ದ್ವಂದ್ವ. ಇಬ್ಬರಲ್ಲೊಬ್ಬನೂ ಆಡದೆ, ಬೆಂಚಿನಲ್ಲಿ ಕೂತ ಮೂರನೆಯವನು "ಡ್ರಾಪ್ ಹಾಕಿ, ಈಗ ಲಾಬ್, ಅಯ್ಯೋ ಬ್ಯಾಕ್‌ಹ್ಯಾಂಡ್ ಕೊಡ್ರೀ" ಎಂದು ಆಡಿಸುವುದು ಬಹುವ್ರೀಹಿ. ಇಲ್ಲಿ ಅನ್ಯಪದವೇ ಪ್ರಧಾನ. ಆ ಮೂರನೆಯವನನ್ನು ಬಿಡಿಯಾಗಿ ನೋಡಿದರೆ ಅವ್ಯಯ: ಲಿಂಗ, ವಚನ, ವಿಭಕ್ತಿ, ಮಳೆ, ಚಳಿ ಯಾವುದರಿಂದಲೂ ರೂಪ ಬದಲಾಗುವುದಿಲ್ಲ. ಗರಿ ಕಾಕ್ ಹೊಡೆಯುವವರ ನಡುವೆ ನೈಲಾನ್ ಕಾಕ್ ತಂದು ಇಳಿಸುವುದು ಅರಿಸಮಾಸ, ದೋಷ. ಮೇಲೆ ಹೇಳಿದ ಸಪ್ತಮಿಯವನು ಇದನ್ನು ಬಲ್ಲ, ಆದರೂ ತರುತ್ತಾನೆ.

ಇನ್ನುಳಿದದ್ದು ಭವಿಷ್ಯತ್ಕಾಲ. "ಇದೇ ಲಾಸ್ಟು, ಇನ್ನೊಂದೇ ಗೇಮ್" ಎಂಬುದು ಅದರ ಸಾಮಾನ್ಯ ರೂಪ. ಏಳು ಗಂಟೆಯ ಬ್ಯಾಚಿನವರು ಬಂದು ಗೆರೆಯ ಅಂಚಿನಲ್ಲೇ ಕೂತು ಲೇಸು ಕಟ್ಟಲು ಶುರುಮಾಡಿದರೂ ಈ ಲಾಸ್ಟು ಮುಗಿಯುವುದಿಲ್ಲ; ಡ್ಯೂಸ್ ಆಗುತ್ತದೆ. ಇದರ ಉಪಪ್ರಭೇದ ಮೀಟಿಂಗ್‌ನವನು. ಗೆದ್ದವರು ಕೋರ್ಟಿನಲ್ಲೇ ಉಳಿಯುವ ಪದ್ಧತಿಯಿರುವ ಕಡೆ ಇವನು ಗೆಲ್ಲುತ್ತಿರುವವರೆಗೆ ಆಡಿ, ಸೋತ ಕ್ಷಣದಲ್ಲಿ ಗಡಿಯಾರ ನೋಡಿ, "ಎಂಟೂವರೆಗೆ ಮೀಟಿಂಗ್ ಇದೆ, ಕಾಲ್ ತಗೋಬೇಕು" ಎಂದು ಕಾಕ್‌ನ ಲೆಕ್ಕ ತೀರಿಸದೆ ಹೊರಡುತ್ತಾನೆ.

ಮೀಟಿಂಗ್ ನಡೆಯುವುದು ಹದಿನೈದನೇ ಕ್ರಾಸಿನ ವೀಣಾ ಸ್ಟೋರ್ಸ್ ಮುಂದೆ, ಫುಟ್‌ಪಾತಿನ ಮೇಲೆ, ತಟ್ಟೆ ಕೈಯಲ್ಲಿ ಹಿಡಿದು. ಉಳಿದವರು ಬೆವರೊರೆಸಿಕೊಂಡು ಬರುವಷ್ಟರಲ್ಲಿ ಇವನದು ಎರಡನೇ ಇಡ್ಲಿ. 19–19ರ ವಿಚಾರಣೆ ಅಲ್ಲಿ ಮತ್ತೆ ಆರಂಭವಾಯಿತು. ಹಳಬರು ತಟ್ಟೆಯಲ್ಲಿ ಚಮಚದಿಂದ ಚಟ್ನಿಯ ಗೆರೆ ಎಳೆದರು, ಇಡ್ಲಿಯ ಒಂದು ಚೂರು ಮುರಿದು ಆ ಗೆರೆಯ ಮೇಲಿಟ್ಟರು. "ನೋಡಿ, ಹೀಗೆ ಬಿತ್ತು. ಈಗ ಹೇಳಿ, ಇದು ಔಟಾ?" ಚಿಕ್ಕಪೇಟೆಯ ಸೀರೆ ವ್ಯಾಪಾರಿಗಳು ಕನ್ನಡಕ ಸರಿಮಾಡಿಕೊಂಡು ಬಗ್ಗಿ ಬಹಳ ಹೊತ್ತು ಪರಿಶೀಲಿಸಿದರು. ಆಮೇಲೆ ಎರಡೇ ಬೆರಳಲ್ಲಿ ಆ ಚೂರನ್ನು ಚಕ್ಕನೆ ಎತ್ತಿ ಬಾಯಿಗೆ ಹಾಕಿಕೊಂಡು, "ಎಲ್ಲಿ?" ಎಂದರು.