ಹಂಡೆಯ ಕಿಲುಬು

ರಾಸಾಯನಿಕಗಳ ಸೋಂಕಿಲ್ಲದೆ ಗೃಹೋಪಕರಣಗಳನ್ನು ಶುಚಿಗೊಳಿಸಬೇಕೆಂಬ ತತ್ತ್ವವನ್ನು ಊಟದೆಲೆಯ ಮುಂದೆ ಕುಳಿತು ನೆಂಟರಿಗೆ ಬೋಧಿಸುವುದು ಬಹು ಸುಲಭ. ನೀರು ತುಂಬುವ ಹಬ್ಬದಂದು ಬಚ್ಚಲಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಅದನ್ನು ಆಚರಿಸುವುದು ಬೇರೆಯೇ ಮಾತು. ಕಪಿಲೆಯ ದಡದ ನಮ್ಮ ಸರಗೂರಿನಲ್ಲಿ, ವರ್ಷವಿಡೀ ಗೀಸರಿನ ನೀರಲ್ಲಿ ಮೀಯುವವರೂ ನರಕ ಚತುರ್ದಶಿಯ ಅಭ್ಯಂಗಕ್ಕೆ ತಾಮ್ರದ ಹಂಡೆಯನ್ನೇ ನೆನೆಯುವರು. ನೆನೆದ ಮೇಲೆ ಬೆಳಗಲೇಬೇಕು.

ಅಮ್ಮನ ಶಾಸ್ತ್ರದಲ್ಲಿ ಪಾತ್ರಾಪಾತ್ರ ವಿವೇಚನೆ ಬಹಳ ಕಟ್ಟುನಿಟ್ಟು: ತಾಮ್ರ ಹಿತ್ತಾಳೆಗಳಿಗೆ ಹುಳಿ, ಜಿಡ್ಡಿನ ಬಾಣಲೆಗೆ ಬೂದಿ, ಬೆಳ್ಳಿಗೆ ವಿಭೂತಿ, ರೇಷ್ಮೆಗೆ ಅಂಟುವಾಳ. ನೆನೆಹಾಕಿದ ಹಳೆಯ ಹುಣಿಸೆಯನ್ನು ಕಲ್ಲುಪ್ಪಿನೊಡನೆ ಮುಷ್ಟಿಯಲ್ಲಿ ಹಿಡಿದು ಹಂಡೆಯ ಕಂಠದ ಸುತ್ತ ತಿಕ್ಕಿದರೆ, ಮೊದಲು ಕಪ್ಪು, ಆಮೇಲೆ ಹಸಿರು ನೀರಿಳಿದು, ಅದರಡಿಯಿಂದ ಎಳೆಗೆಂಪು ಇಣುಕುವುದು. ಅಷ್ಟರಲ್ಲಿ ಬೆರಳಿನ ಗಾಯಗಳೆಲ್ಲ, ಇವೆಯೆಂದೇ ನಾವರಿಯದವೂ ಸಹ, ಉರಿದು ತಮ್ಮ ಇರವನ್ನು ಸಾರುವುವು. ಕೂಡಲೇ ತೊಳೆದು ಒಣಬಟ್ಟೆಯಲ್ಲಿ ಒರಸದಿದ್ದರೆ ಪಟ್ಟ ಶ್ರಮವೆಲ್ಲ ಮತ್ತೆ ಕಲೆಗಟ್ಟುವುದು.

ಹುಣಿಸೆಯ ಟಾರ್ಟಾರಿಕ್ ಆಮ್ಲ ಕಿಲುಬನ್ನು ಕರಗಿಸುವುದೆಂದೂ, ಬೂದಿಯ ಪೊಟ್ಯಾಸಿಯಂ ಕಾರ್ಬೊನೇಟು ಜಿಡ್ಡಿನೊಡನೆ ಕೂಡಿ ತಾನೇ ಸಾಬೂನಾಗುವುದೆಂದೂ, ಅಂಟುವಾಳದ ನೊರೆಗೆ ಸ್ಯಾಪೊನಿನ್ ಕಾರಣವೆಂದೂ ಬಲ್ಲವರು ಹೇಳುವರು. ಹಾಗಿದ್ದಲ್ಲಿ ಈ ಜಗತ್ತಿನಲ್ಲಿ ರಾಸಾಯನಿಕವಲ್ಲದ್ದು ಯಾವುದೆಂದು ನಾನು ತರ್ಕವನ್ನಾರಂಭಿಸಲು, ಅಮ್ಮ, "ತರ್ಕ ಆಮೇಲೆ ಮಾಡೀಯಂತೆ, ಮೊದಲು ಆ ಕಂಠದ ಕೆಳಗೆ ಉಜ್ಜು" ಎಂದರು. ನನ್ನಾಕೆ ತೆಂಗಿನ ನಾರಿನ ಇನ್ನೊಂದು ಹಿಡಿಯನ್ನು ತಂದಿತ್ತು, "ಏನೂಂದ್ರೆ, ಹಿತ್ತಾಳೆ ಕೊಳಗವೂ ಇದೆ" ಎಂದು ನೆನಪಿಸಿ ಒಳಗೆ ಹೋದಳು. ಪ್ರಕೃತಿಸಹಜ ವಿಧಾನಗಳನ್ನು ಹೊಗಳುವ ಮಹನೀಯರು ಪದಾರ್ಥಗಳ ಪಟ್ಟಿಯಲ್ಲಿ ರಟ್ಟೆಯನ್ನು ಸೇರಿಸದಿರುವುದು ಅವರ ಮನೆಯಲ್ಲಿ ಆ ರಟ್ಟೆ ಹೆಂಗಸರದಾಗಿರುವುದರಿಂದಲೇ ಇರಬೇಕು.

ಸೀಗೆ ಅಂಟುವಾಳಗಳಿಗೆ ಈ ಸೀಮೆಯಲ್ಲಿ ಬರವಿಲ್ಲ. ಹೆಗ್ಗಡದೇವನಕೋಟೆಯ ಕಾಡಂಚಿನ ಜೇನುಕುರುಬರು ಜೇನಿನಂತೆ ಇಂಥ ಕಿರು ಅರಣ್ಯೋತ್ಪನ್ನಗಳನ್ನೂ ಆಯ್ದು ತಂದವರೇ. ಹುಣಿಸೆ ರಸ್ತೆಯ ಬದಿಗೇ ಉದುರುವುದು. ಕೊರತೆಯೆಲ್ಲ ಬೂದಿಯದು! ಅನಿಲದ ಒಲೆ ಎಷ್ಟು ಉರಿದರೂ ಚಿಟಿಕೆ ಬೂದಿಯನ್ನು ಕೊಡದು. ಹಬ್ಬದ ಒಂದು ದಿನದ ಹಂಡೆಯೊಲೆಯ ಬೂದಿ ವರ್ಷದ ಬಾಣಲೆಗಳಿಗೆ ಸಾಲದು. ಆದಕಾರಣ, ಇಂದಿಗೂ ಸೌದೆ ಉರಿಸಿ ನೀರು ಕಾಯಿಸುವ ಪುಣ್ಯವಂತರು ದಯಮಾಡಿ ಒಲೆ ಹೊತ್ತಿಸಲು ಪ್ಲಾಸ್ಟಿಕ್ ಕವರುಗಳನ್ನು ಬಳಸದೆ, ಆರಿದ ಬೂದಿಯನ್ನು ಜರಡಿ ಹಿಡಿದು ಇಟ್ಟಿರಬೇಕಾಗಿ ಪ್ರಾರ್ಥನೆ; ಡಬ್ಬ ನಾನೇ ತರುವೆನು.