ಬೆನ್ನು ತೋರಿಸುವ ಅತಿಥಿ

ಮನೆಗೆ ಬಂದವರು ನಮಗೆ ಬೆನ್ನು ಹಾಕಿ ಕೂತರೆ ಸಿಟ್ಟು ಬರುತ್ತದೆ. ಹಿತ್ತಲಿನ ತೆಂಗಿನ ಮರಕ್ಕೆ ಬರುವ ಮರಕುಟಿಗ ದಿನವೂ ಮಾಡುವುದು ಅದನ್ನೇ. ಆದರೂ ಸಿಟ್ಟಾಗುವಂತಿಲ್ಲ, ಅದರ ಕುಲಗೋತ್ರ ಬರೆದಿರುವುದೇ ಬೆನ್ನಿನ ಮೇಲೆ.

ಮೊದಲು ಬಂದದ್ದು ಮರಕುಟಿಗವೇ ಹೌದೋ ಎಂಬುದು ತೀರ್ಮಾನವಾಗಲಿ. ಪಕ್ಕದ ಮನೆಯ ರಾಯರು ವಾಟ್ಸಾಪಿನಲ್ಲಿ 'ನಮ್ಮ ಮರಕುಟಿಗ' ಎಂದು ಕಳಿಸುವುದೆಲ್ಲ ಚಂದ್ರಮುಕುಟದ ಫೋಟೊ. ಸ್ವಾಮಿ, ಬೀಸಣಿಗೆಯಂತೆ ಜುಟ್ಟು ಬಿಚ್ಚಿ ಹುಲ್ಲಿನ ಮೇಲೆ ಓಡಾಡುತ್ತ ನೆಲ ಕುಕ್ಕುವವನಿಗೆ ಮರ ಕುಟ್ಟುವ ಪಟ್ಟ ಕಟ್ಟಬಹುದೇ? ಅವರ ಮನೆಯಾಕೆಯದು ಇನ್ನೊಂದು ಪಂಥ: ಮಟಮಟ ಮಧ್ಯಾಹ್ನ 'ಟುಕ್ ಟುಕ್' ಕೇಳಿದರೆ ಸಾಕು, ಮರ ಕೊರೆಯುತ್ತಿದೆ ಎನ್ನುತ್ತಾರೆ. ಅದು ಕುಟ್ರ ಹಕ್ಕಿಯ ಗಂಟಲು, ಕೊಕ್ಕಿನ ಕೆಲಸವಲ್ಲ. (ಒಣಗಿದ ಕೊಂಬೆ ಕೊರೆದು ಗೂಡು ಮಾಡುವ ಅದು ಮರಕುಟಿಗದ ದೂರದ ಸಂಬಂಧಿ ಎಂಬುದನ್ನು ಆಕೆಗೆ ನಾನಿನ್ನೂ ಹೇಳಿಲ್ಲ, ಗೆದ್ದೆ ಅಂದುಕೊಂಡಾರು!)

ನಿಜವಾದದ್ದು ಕಾಂಡಕ್ಕೆ ಅಂಟಿಕೊಂಡು, ಗಡುಸು ಬಾಲವನ್ನು ಊರುಗೋಲು ಮಾಡಿಕೊಂಡು, ಕುಪ್ಪಳಿಸುತ್ತ ಮೇಲೇರುತ್ತದೆ. ಊರಿನ ಹಿತ್ತಲುಗಳಿಗೆ ಹೆಚ್ಚಾಗಿ ಬರುವುದು ಹೊಂಬೆನ್ನಿನ ಮರಕುಟಿಗ. ಹೊನ್ನಿನ ಬೆನ್ನು ಕಂಡೊಡನೆ ಕುಣಿಯಬೇಡಿ, ಇನ್ನೂ ಕೆಳಗೆ ನೋಡಿ. ಸಂಕೋಚಪಟ್ಟರೆ ಹಕ್ಕಿ ವೀಕ್ಷಣೆ ನಡೆಯುವುದಿಲ್ಲ. ಬಾಲದ ಬುಡದ ಮೇಲ್ಭಾಗ ಕಪ್ಪಗಿದ್ದರೆ ನಮ್ಮ ಊರಿನದು; ಕೆಂಪಗಿದ್ದರೆ ಪಶ್ಚಿಮಘಟ್ಟದ ಕಡೆ ಸಿಗುವ ಅದರ ದೊಡ್ಡ ಸೋದರ. ನೆತ್ತಿಯೆಲ್ಲ ಕೆಂಪಾದರೆ ಗಂಡು. ಮುಂದಲೆ ಕಪ್ಪಗಿದ್ದು ಬಿಳಿ ಚುಕ್ಕೆಯಿದ್ದರೆ ಹೆಣ್ಣು. ಇಷ್ಟನ್ನೂ ನೋಡಿಬಿಡೋಣ ಎಂದು ಬೈನಾಕ್ಯುಲರ್ ಎತ್ತುವಷ್ಟರಲ್ಲಿ ಮಹಾಶಯ ಕಾಂಡದ ಆ ಬದಿಗೆ ಸರಿದಿರುತ್ತಾನೆ. ನೀವು ಸುತ್ತು ಹಾಕಿದರೆ ಅವನೂ ಹಾಕುತ್ತಾನೆ. ನೋಡಿದವರಿಗೆ ಇದು ತೆಂಗಿನ ಮರಕ್ಕೆ ಪ್ರದಕ್ಷಿಣೆಯ ಹರಕೆಯೇನೋ ಅನ್ನಿಸಬೇಕು.

ಇಷ್ಟು ಕುಟ್ಟಿದರೂ ಅದಕ್ಕೆ ತಲೆನೋವು ಬರುವುದಿಲ್ಲವೇ ಎಂದು ರಾಯರು ಕೇಳುತ್ತಾರೆ. ಅದನ್ನು ವಿವರಿಸಿದವರಿಗೆ 2006ರಲ್ಲಿ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನವೇ ಸಿಕ್ಕಿತು. ತಲೆಬುರುಡೆ ಪೆಟ್ಟನ್ನು ಹೀರಿಕೊಳ್ಳುತ್ತದೆ ಎಂದು ಬಹುಕಾಲ ನಂಬಿದ್ದೂ ಆಯಿತು. 2022ರ ಅಧ್ಯಯನ ಅದನ್ನು ತಳ್ಳಿಹಾಕಿತು: ಹೀರಿಕೊಂಡರೆ ಪೆಟ್ಟಿನ ಬಲವೇ ದಂಡ, ಮಿದುಳು ಪುಟ್ಟದಾದ್ದರಿಂದ ಅಪಾಯವಿಲ್ಲ. ಇದನ್ನು ಕೇಳಿದ ಮೇಲೆ ರಾಯರು, 'ಹಾಗಾದರೆ ನಮ್ಮ ಮ್ಯಾನೇಜರಿಗೂ ಅದೇ ಕಾರಣವಿರಬೇಕು' ಎಂದರು.